ಅಂಟುವ ಧೂಳು, ಉದುರುವ ಮರಳು

ಸೈಕಲ್ಲಿನ ಟ್ಯೂಬಿಗೆ ತೇಪೆ ಹಾಕುವವನು ಮೊದಲು ಮಾಡುವ ಕೆಲಸವೆಂದರೆ ತೂತಿನ ಸುತ್ತಲಿನ ರಬ್ಬರನ್ನು ಉಪ್ಪುಕಾಗದದಿಂದ ಉಜ್ಜಿ ಒರಟು ಮಾಡುವುದು. ಸೊಲ್ಯೂಷನ್ ಹಚ್ಚುವುದು ಅನಂತರದ ಮಾತು. ಗಾರೆ ಕೆಲಸದವನೂ ಅಷ್ಟೆ. ಹಳೆಯ ಗೋಡೆಗೆ ಹೊಸ ಗಾರೆ ಮೆತ್ತುವ ಮುನ್ನ ಅದನ್ನು ಕೊಚ್ಚಿ ತರಿತರಿಯಾಗಿ ಮಾಡಿಕೊಳ್ಳುತ್ತಾನೆ. ಒರಟು ಮೈಗೆ ಅಂಟು ಚೆನ್ನಾಗಿ ಹಿಡಿಯುವುದೆಂಬುದು ಕಸಬುದಾರರು ತಲೆತಲಾಂತರದಿಂದ ಬಲ್ಲ ಸಂಗತಿ. ಅದು ನಿಜವೂ ಹೌದು. ಆದರೆ ಅಂಟಬೇಕಾದ ವಸ್ತು ಹರಿಯುವ ಅಂಟಾಗಿರದೆ, ಹಸಿ ಗಾರೆಯಾಗಿರದೆ, ಒಣಗಿದ ಧೂಳಿನ ಒಂದು ಕಣವಾಗಿದ್ದ ಪಕ್ಷದಲ್ಲಿ ಈ ತಿಳಿವಳಿಕೆ ತಲೆಕೆಳಗಾಗುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಕಣವು ಅತ್ಯಂತ ನುಣುಪಾದ ಮೈಗೇ ಅತ್ಯಂತ ಬಲವಾಗಿ ಅಂಟಿಕೊಳ್ಳುತ್ತದೆ. ಆ ಮೈಯನ್ನು ಲವಲೇಶದಷ್ಟು ಒರಟು ಮಾಡಿದರೂ ಅಂಟಿನ ಬಲವು ಹತ್ತರಲ್ಲೊಂದು ಪಾಲಿಗೆ, ನೂರರಲ್ಲೊಂದು ಪಾಲಿಗೆ ಇಳಿದುಹೋಗುತ್ತದೆ.

ಇದು ಕೇವಲ ಕುತೂಹಲದ ವಿಷಯವಲ್ಲ. ಉಬ್ಬಸದ ರೋಗಿಯು ಪುಡಿಯ ರೂಪದ ಔಷಧವನ್ನು ಉಸಿರಿನೊಡನೆ ಒಳಕ್ಕೆ ಸೆಳೆದುಕೊಳ್ಳುವಾಗ ಅದರಲ್ಲಿ ಎಷ್ಟು ಪಾಲು ಶ್ವಾಸಕೋಶವನ್ನು ಮುಟ್ಟುವುದು, ಎಷ್ಟು ಪಾಲು ಗಂಟಲಿನಲ್ಲಿಯೇ ವ್ಯರ್ಥವಾಗುವುದು ಎಂಬುದು ಬಹುಮಟ್ಟಿಗೆ ಈ ಒರಟುತನದ ಲೆಕ್ಕವನ್ನೇ ಅವಲಂಬಿಸಿದೆ. ಆ ಪ್ರಸಂಗಕ್ಕೆ ಬರುವ ಮುಂಚೆ ಮೂಲ ಪ್ರಶ್ನೆಯನ್ನೇ ಕೇಳಿಕೊಳ್ಳೋಣ: ಧೂಳು ಅಂಟುವುದಾದರೂ ಏಕೆ?

ಅಡಿಗೆಯ ಮನೆಯಲ್ಲಿ ರವೆಯನ್ನು ಹಿಡಿಯಷ್ಟು ತೆಗೆದುಕೊಂಡು ಕೈ ಬಿಡಿಸಿ ನೋಡಿ. ರವೆಯೆಲ್ಲ ಸುರಿದುಹೋಗಿ ಅಂಗೈ ಹೆಚ್ಚುಕಡಿಮೆ ಬರಿದಾಗುವುದು. ಮೈದಾಹಿಟ್ಟನ್ನು ತೆಗೆದುಕೊಂಡರೆ ಎಷ್ಟು ಕೊಡವಿದರೂ ಅಂಗೈ ಬೆಳ್ಳಗೇ ಉಳಿಯುವುದು. ಎರಡೂ ಅದೇ ಗೋಧಿಯಿಂದ ಬಂದವು, ವ್ಯತ್ಯಾಸವಿರುವುದು ಗಾತ್ರದಲ್ಲಿ. ಕಣದ ತೂಕವು ಅದರ ತ್ರಿಜ್ಯದ ಘನವನ್ನು ಅನುಸರಿಸುತ್ತದೆ. ತ್ರಿಜ್ಯವನ್ನು ಹತ್ತರಲ್ಲೊಂದು ಪಾಲು ಮಾಡಿದರೆ ತೂಕವು ಸಾವಿರದಲ್ಲೊಂದು ಪಾಲಾಗುವುದು. ಅಂಟಿಸುವ ಬಲವಾದರೋ ತ್ರಿಜ್ಯವನ್ನು ಮಾತ್ರವೇ ಅನುಸರಿಸುವುದರಿಂದ ಅದು ಹತ್ತರಲ್ಲೊಂದು ಪಾಲಿಗಷ್ಟೆ ಇಳಿಯುವುದು. ಹೀಗಾಗಿ ಕಣವು ಸಣ್ಣದಾದಂತೆಲ್ಲ ತೂಕವು ಸೋಲುತ್ತ ಅಂಟು ಗೆಲ್ಲುತ್ತ ಹೋಗುವುದು.

ಈ ಅಂಟಿನ ಬಲವು ಎಲ್ಲಿಂದ ಬಂದಿತು? ಅನಿಲಗಳ ನಡತೆಯನ್ನು ಅಭ್ಯಾಸ ಮಾಡುತ್ತಿದ್ದ ಡಚ್ ವಿಜ್ಞಾನಿ ವಾನ್ ಡೆರ್ ವಾಲ್ಸ್ ೧೮೭೩ರಲ್ಲಿ ಮಂಡಿಸಿದ ತನ್ನ ಪ್ರಬಂಧದಲ್ಲಿ ಅಣುಗಳು ಒಂದನ್ನೊಂದು ಆಕರ್ಷಿಸುತ್ತವೆಂದು ಸಾಧಿಸಿದನು. ಯಾವ ವಿದ್ಯುದಂಶವೂ ಇಲ್ಲದ ಅಣುಗಳೂ ಹೀಗೇಕೆ ಆಕರ್ಷಿಸಬೇಕೆಂಬುದಕ್ಕೆ ಉತ್ತರ ದೊರೆತುದು ೧೯೩೦ರಲ್ಲಿ, ಫ್ರಿಟ್ಸ್ ಲಂಡನ್ ಎಂಬ ಭೌತವಿಜ್ಞಾನಿಯಿಂದ. ಅಣುವಿನೊಳಗಿನ ಎಲೆಕ್ಟ್ರಾನುಗಳು ಒಂದೆಡೆ ನಿಲ್ಲುವುವಲ್ಲ. ಒಂದು ಕ್ಷಣ ಈ ಪಕ್ಕದಲ್ಲಿ, ಮರುಕ್ಷಣ ಆ ಪಕ್ಕದಲ್ಲಿ ಅವು ಕೊಂಚ ಹೆಚ್ಚಾಗಿ ಸೇರುತ್ತಿರುತ್ತವೆ. ಆ ಕ್ಷಣದ ಮಟ್ಟಿಗೆ ಅಣುವಿನ ಒಂದು ಬದಿ ಋಣ, ಇನ್ನೊಂದು ಬದಿ ಧನ. ಪಕ್ಕದ ಅಣುವಿನ ಎಲೆಕ್ಟ್ರಾನುಗಳು ಇದಕ್ಕೆ ತಕ್ಕಂತೆ ಸರಿದುಕೊಳ್ಳುವುದರಿಂದ ಎರಡರ ನಡುವೆ ಸೆಳೆತವುಂಟಾಗುವುದು. ಇದು ಬಹಳ ದುರ್ಬಲವಾದ ಸೆಳೆತ. ದೂರ ಹೆಚ್ಚಿದಂತೆ ಅತಿ ವೇಗವಾಗಿ ಸತ್ತುಹೋಗುವಂಥದು. ಆದರೆ ಒಂದು ಧೂಳಿನ ಕಣದಲ್ಲಿ ಅಣುಗಳಿಗೇನು ಬರವೇ? ಎದುರುಬದುರಾಗಿರುವ ಕೋಟ್ಯನುಕೋಟಿ ಜೋಡಿಗಳ ಸೆಳೆತವನ್ನೆಲ್ಲ ಕೂಡಿಸಿ ೧೯೩೭ರಲ್ಲಿ ಹಾಮಕರ್ ಎಂಬ ಡಚ್ ವಿಜ್ಞಾನಿಯು ಒಂದು ಸೂತ್ರವನ್ನು ಕೊಟ್ಟನು. ಒಂದು ಗೋಳವು ಸಮತಲದ ಹತ್ತಿರವಿದ್ದಾಗ ಅವುಗಳ ನಡುವಣ ಬಲವು ಗೋಳದ ತ್ರಿಜ್ಯಕ್ಕೆ ಅನುಪಾತದಲ್ಲಿಯೂ, ನಡುವಿನ ಕಿಂಡಿಯ ಅಗಲದ ವರ್ಗಕ್ಕೆ ವಿಲೋಮ ಅನುಪಾತದಲ್ಲಿಯೂ ಇರುವುದೆಂಬುದು ಅದರ ಸಾರ.

ಕಿಂಡಿಯ ಅಗಲದ ವರ್ಗ ಎಂಬ ಮಾತನ್ನು ವಾಚಕರು ಗಮನದಲ್ಲಿಡಬೇಕು. ಇಡೀ ಕಥೆಯೇ ಅಲ್ಲಿದೆ.

ಮುಂದಿನ ಲೆಕ್ಕಗಳಿಗೆ ಎರಡು ಅಳತೆಗಳು ಬೇಕಾಗುತ್ತವೆ. ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಮೈಕ್ರಾನ್. ಅದರ ಸಾವಿರದಲ್ಲೊಂದು ಭಾಗ ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನ್. ಎರಡು ಘನವಸ್ತುಗಳು ತಾಗಿದುವು ಎಂದು ನಾವು ಹೇಳುವಾಗಲೂ ಅವುಗಳ ಹೊರ ಪರಮಾಣುಗಳ ನಡುವೆ ೦.೪ ನ್ಯಾನೊಮೀಟರಿನಷ್ಟು ಅಂತರ ಉಳಿದಿರುವುದೆಂದು ಎಣಿಸುವುದು ವಾಡಿಕೆ. ಈಗ ೧೦ ಮೈಕ್ರಾನ್ ತ್ರಿಜ್ಯದ ಗಾಜಿನ ಗೋಳವೊಂದು ನುಣುಪಾದ ಗಾಜಿನ ಮೇಲೆ ಕುಳಿತಿದೆಯೆನ್ನೋಣ. ಹಾಮಕರನ ಸೂತ್ರದಂತೆ ಅದನ್ನು ಹಿಡಿದಿರುವ ಬಲ ನ್ಯೂಟನ್ನಿನ ಹತ್ತು ಲಕ್ಷದಲ್ಲೊಂದು ಭಾಗ. ಬಹಳ ಅಲ್ಪವೆನ್ನುವಿರಾ? ಆ ಗೋಳದ ತೂಕವನ್ನು ಲೆಕ್ಕ ಹಾಕಿದರೆ ಅದು ಈ ಬಲದ ಹತ್ತುಸಾವಿರದಲ್ಲೊಂದು ಭಾಗ! ತಿರುಗುವ ಫ್ಯಾನಿನ ರೆಕ್ಕೆಯ ಮೇಲೆ ಧೂಳು ಹೇಗೆ ಕುಳಿತಿರುವುದೆಂದು ಆಶ್ಚರ್ಯಪಡುವವರು ಇದನ್ನು ನೋಡಬೇಕು. ನಿಮಿಷಕ್ಕೆ ೩೦೦ ಸುತ್ತು ತಿರುಗುವ ಫ್ಯಾನಿನಲ್ಲಿ, ನಡುವಿನಿಂದ ೬೦ ಸೆಂಟಿಮೀಟರ್ ದೂರದಲ್ಲಿ, ಕಣವನ್ನು ಹೊರಕ್ಕೆ ಚಿಮ್ಮಿಸಲು ತೊಡಗುವ ಬಲ ಅದರ ತೂಕದ ಸುಮಾರು ೬೦ ಪಟ್ಟು ಮಾತ್ರ. ಅದನ್ನು ಹಿಡಿದಿಡಬಲ್ಲ ಬಲ ತೂಕದ ೧೦,೦೦೦ ಪಟ್ಟು.

ಇದೇ ಲೆಕ್ಕವನ್ನು ದೊಡ್ಡ ಕಣಕ್ಕೂ ಮುಂದುವರಿಸಿದರೆ ಒಂದು ವಿಚಿತ್ರ ಫಲ ಬರುವುದು. ಅಂಟಿನ ಬಲವೂ ತೂಕವೂ ಸಮವಾಗುವುದು ತ್ರಿಜ್ಯವು ಒಂದು ಮಿಲಿಮೀಟರ್ ಆದಾಗ. ಎಂದರೆ ಸಾಸಿವೆ ಕಾಳಿನಷ್ಟು ದೊಡ್ಡ ಗಾಜಿನ ಮಣಿಯೂ ಮರಳಿನ ಹರಳೂ ಮನೆಯ ಗಾಜಿನ ಕಿಟಕಿಗೆ, ಬೇಕಾದರೆ ತಾರಸಿಯ ಒಳಮೈಗೂ, ಅಂಟಿಕೊಂಡು ನೇತಾಡಬೇಕು. ತರಗತಿಯಲ್ಲಿ ಈ ಲೆಕ್ಕವನ್ನು ಮಾಡಿ ತೋರಿಸಿದರೆ ವಿದ್ಯಾರ್ಥಿಗಳು ನಂಬುವುದಿಲ್ಲ. ನಂಬದಿರುವುದೇ ಸರಿ. ಮರಳು ಎಂದಾದರೂ ಗೋಡೆಗೆ ಅಂಟಿ ನಿಂತುದುಂಟೆ? ಸೂತ್ರ ಸರಿಯಾಗಿದೆ, ಲೆಕ್ಕ ಸರಿಯಾಗಿದೆ, ಫಲ ಮಾತ್ರ ಲೋಕವಿರುದ್ಧವಾಗಿದೆ. ಹೀಗಿರಲು ನಾವು ಊಹಿಸಿಕೊಂಡ ಯಾವುದೋ ಒಂದು ಸಂಗತಿ ನಿಜವಾಗಿರಲಾರದು. ಆ ಊಹೆ ಯಾವುದೆಂದರೆ ಮೇಲ್ಮೈಗಳು ನುಣುಪಾಗಿವೆ ಎಂಬುದು.

ಗೋಳವನ್ನೂ ಗಾಜನ್ನೂ ಒಂದು ಕೋಟಿ ಪಟ್ಟು ಹಿಗ್ಗಿಸಿ ನೋಡೋಣ. ೧೦ ಮೈಕ್ರಾನ್ ತ್ರಿಜ್ಯದ ಕಣವು ಈಗ ೨೦೦ ಮೀಟರ್ ಎತ್ತರದ ಒಂದು ಬಂಡೆಗುಂಡು. ಗಾಜು ಒಂದು ಬಯಲು. ಬಯಲಿನ ಮೇಲೆ ಒಂದೆಡೆ ೧೦ ಸೆಂಟಿಮೀಟರ್ ಎತ್ತರದ ಬಟ್ಟಲೊಂದನ್ನು ಬೋರಲು ಹಾಕಿದೆ. ಗುಂಡು ಅದರ ಮೇಲೆ ಕುಳಿತಿದೆ. ದೂರದಿಂದ ನೋಡುವವನಿಗೆ ಬಟ್ಟಲು ಕಾಣಿಸುವುದೇ ಇಲ್ಲ; ಗುಂಡು ನೆಲಕ್ಕೆ ತಾಗಿಯೇ ಇದೆಯೆನ್ನುವನು. ಆದರೆ ಈ ಅಳತೆಯಲ್ಲಿ ತಾಗುವಿಕೆ ಎಂದರೆ ೪ ಮಿಲಿಮೀಟರ್ ಅಂತರ. ಬಟ್ಟಲಿನ ನೆತ್ತಿಯ ಹೊರತು ಉಳಿದೆಲ್ಲ ಕಡೆಯೂ ಗುಂಡು ನೆಲಕ್ಕಿಂತ ೧೦ ಸೆಂಟಿಮೀಟರ್ ಮೇಲೆ ತೇಲಿಕೊಂಡಿದೆ. ಕಿಂಡಿ ೨೫ ಪಟ್ಟು ದೊಡ್ಡದಾಯಿತು; ವರ್ಗದ ನಿಯಮದಂತೆ ಸೆಳೆತ ೬೦೦ರಲ್ಲೊಂದು ಪಾಲಿಗೂ ಕಡಿಮೆಯಾಯಿತು. ಬಟ್ಟಲಿನ ನೆತ್ತಿ ಗುಂಡನ್ನು ಬಿಗಿಯಾಗಿಯೇ ಹಿಡಿದಿದೆ, ನಿಜ. ಆದರೆ ಅದರ ತ್ರಿಜ್ಯ ಗುಂಡಿನದರ ಸಾವಿರದಲ್ಲೊಂದು ಪಾಲಾದುದರಿಂದ ಅದರ ಹಿಡಿತವೂ ಮೊದಲಿನ ಹಿಡಿತದ ಸಾವಿರದಲ್ಲೊಂದು ಪಾಲೇ. ಎರಡನ್ನೂ ಕೂಡಿಸಿದರೂ ಮೊದಲಿನ ಬಲದ ನಾನ್ನೂರರಲ್ಲೊಂದು ಭಾಗ ದೊರೆಯುವುದು. ಇಷ್ಟಕ್ಕೂ ನಿಜವಾದ ಗಾಜಿನ ಮೇಲೆ ಆ ಬಟ್ಟಲಿನ ಎತ್ತರ ಹತ್ತೇ ನ್ಯಾನೊಮೀಟರ್, ತಲೆಗೂದಲಿನ ದಪ್ಪದ ಏಳು ಸಾವಿರದಲ್ಲೊಂದು ಪಾಲು.

ಈ ಲೆಕ್ಕದ ಚೌಕಟ್ಟು ಪುಡಿಗಳ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲೊಬ್ಬನಾದ, ಜರ್ಮನಿಯ ಕಾರ್ಲ್ಸ್‌ರೂಹೆಯ ಹಾನ್ಸ್ ರುಂಫ್ ಎಂಬಾತನದು. ಉಬ್ಬಿನ ಎತ್ತರವನ್ನು ಬದಲಿಸುತ್ತ ಅವನ ಸೂತ್ರದಲ್ಲಿ ಲೆಕ್ಕ ಮಾಡಿ ನೋಡಿದರೆ ಸ್ವಾರಸ್ಯ ಇನ್ನೂ ಹೆಚ್ಚುವುದು. ಅದೇ ೧೦ ಮೈಕ್ರಾನಿನ ಕಣದ ಕೆಳಗೆ ಒಂದೇ ಒಂದು ನ್ಯಾನೊಮೀಟರ್ ಉಬ್ಬಿದ್ದರೂ ಬಲವು ಹನ್ನೆರಡರಲ್ಲೊಂದು ಪಾಲಿಗೆ ಇಳಿಯುವುದು. ಉಬ್ಬು ೧೫ ನ್ಯಾನೊಮೀಟರಿನ ಆಸುಪಾಸಿನಲ್ಲಿದ್ದಾಗ ಬಲವು ಅತ್ಯಂತ ಕಡಿಮೆ, ಸುಮಾರು ೪೫೦ರಲ್ಲೊಂದು ಪಾಲು. ಅಲ್ಲಿಂದ ಮುಂದೆ ಉಬ್ಬು ಹೆಚ್ಚಿದಂತೆ ಬಲವೂ ಮತ್ತೆ ಏರತೊಡಗುತ್ತದೆ: ೧೦೦ ನ್ಯಾನೊಮೀಟರಿಗೆ ನೂರರಲ್ಲೊಂದು, ಒಂದು ಮೈಕ್ರಾನಿಗೆ ಹನ್ನೊಂದರಲ್ಲೊಂದು. ಒಂದು ನ್ಯಾನೊಮೀಟರಿನ ಉಬ್ಬೂ ಅದರ ಸಾವಿರ ಪಟ್ಟಿನ ಉಬ್ಬೂ ಹೆಚ್ಚುಕಡಿಮೆ ಒಂದೇ ಫಲವನ್ನು ಕೊಡುತ್ತವೆಂದಾಯಿತು. ಕಾರಣ ಕಷ್ಟದ್ದಲ್ಲ. ಉಬ್ಬು ತೀರ ಚಿಕ್ಕದಾದರೆ ಅದು ಕಣವನ್ನು ಸಾಕಷ್ಟು ಮೇಲೆತ್ತಲಾರದು. ತೀರ ದೊಡ್ಡದಾದರೆ ಉಬ್ಬೇ ಒಂದು ಮೇಲ್ಮೈಯಂತಾಗಿ ಕಣವನ್ನು ಹಿಡಿದುಕೊಳ್ಳುವುದು. ಆದುದರಿಂದ "ಇದು ಒರಟು, ಇದು ನಯ" ಎಂದು ಸುಮ್ಮನೆ ಹೇಳಿದರೆ ಏನೂ ಹೇಳಿದಂತಾಗಲಿಲ್ಲ. ಎಷ್ಟು ಎತ್ತರದ ಒರಟು, ಯಾವ ಗಾತ್ರದ ಕಣಕ್ಕೆ ಎಂಬುದನ್ನು ಹೇಳಬೇಕು.

ಮರಳಿನ ಒಗಟೂ ಈಗ ಬಿಡುವುದು. ಒಂದು ಮಿಲಿಮೀಟರ್ ತ್ರಿಜ್ಯದ ಹರಳಿಗೂ ಗಾಜಿಗೂ ನಡುವೆ ೧೦೦ ನ್ಯಾನೊಮೀಟರಿನ ಒಂದು ಉಬ್ಬು ಬಂದರೆ ಸಾಕು, ಅಂಟಿನ ಬಲವು ತೂಕದ ಎಂಟು ಸಾವಿರದಲ್ಲೊಂದು ಪಾಲಿನ ಮಟ್ಟಕ್ಕೆ ಕುಸಿಯುವುದು. ಮರಳಿನ ಮೈಮೇಲೆ ಅಂಥ ಉಬ್ಬುಗಳಿಗೆ ಲೆಕ್ಕವೇ ಇಲ್ಲ. ನಮ್ಮ ಕಾಲಿಗೆ ಅಂಟದೆ ಮರಳು ಉದುರಿಹೋಗುವುದು, ನಾವು ಮುಟ್ಟಿದ ಬಾಗಿಲು, ಮೇಜು, ಪುಸ್ತಕಗಳು ಕೈಗಂಟಿಕೊಳ್ಳದೆ ಬಿಟ್ಟುಕೊಡುವುದು, ಇವೆಲ್ಲಕ್ಕೂ ಈ ಕಾಣದ ದಿಬ್ಬಗಳೇ ಕಾರಣ.

ಒರಟುತನದ ಈ ಉಪದ್ರವವನ್ನು ಮೊದಲು ಅನುಭವಿಸಿದವರು ವಾನ್ ಡೆರ್ ವಾಲ್ಸ್ ಬಲವನ್ನೇ ಅಳೆಯಹೊರಟ ವಿಜ್ಞಾನಿಗಳು. ೧೯೫೦ರ ದಶಕದಲ್ಲಿ ಗಾಜು, ಸ್ಫಟಿಕಗಳನ್ನು ಎಷ್ಟೇ ಮೆರುಗುಕೊಟ್ಟು ನುಣುಪು ಮಾಡಿದರೂ, ಉಬ್ಬುಗಳೂ ಧೂಳೂ ಅಡ್ಡ ಬರುತ್ತಿದ್ದುದರಿಂದ ಎರಡು ಮೈಗಳನ್ನು ಸುಮಾರು ನೂರು ನ್ಯಾನೊಮೀಟರಿಗಿಂತ ಸಮೀಪಕ್ಕೆ ತರುವುದು ದುಸ್ಸಾಧ್ಯವಾಗಿತ್ತು. ಕೇಂಬ್ರಿಜ್ಜಿನಲ್ಲಿ ಡೇವಿಡ್ ಟೇಬರನೂ ಅವನ ಶಿಷ್ಯರೂ ಈ ತೊಡಕನ್ನು ಬಿಡಿಸಿದ ಉಪಾಯ ಸೊಗಸಾದುದು. ಅವರು ಮನುಷ್ಯನು ಮಾಡಿದ ನುಣುಪನ್ನು ಬಿಟ್ಟು ಪ್ರಕೃತಿಯ ನುಣುಪನ್ನು ಹುಡುಕಿದರು. ನಮ್ಮ ಹಳ್ಳಿಗಳಲ್ಲಿ ಕಾಗೆಬಂಗಾರವೆಂದು ಕರೆಯುವ ಅಭ್ರಕವನ್ನು ಪದರಪದರವಾಗಿ ಸೀಳಬಹುದಷ್ಟೆ. ಸರಿಯಾಗಿ ಸೀಳಿದ ಪದರದ ಮೈ ಪರಮಾಣುವಿನ ಅಳತೆಗೂ ಸಮತಟ್ಟಾಗಿರುತ್ತದೆ. ಅಂಥ ಹಾಳೆಗಳನ್ನು ಅಡ್ಡಡ್ಡಲಾಗಿ ಇರಿಸಿದ ಎರಡು ಉರುಳೆಗಳಿಗೆ ಸುತ್ತಿ, ೧೯೭೨ರಲ್ಲಿ ಇಸ್ರೇಲಚ್ವಿಲಿ ಮತ್ತು ಟೇಬರ್ ಒಂದೂವರೆ ನ್ಯಾನೊಮೀಟರಿನವರೆಗೂ ಬಲವನ್ನು ಅಳೆದರು. ಸಮೀಪದಲ್ಲಿ ಹಾಮಕರನ ವರ್ಗನಿಯಮ ಸರಿಯೆಂದು ಸಿದ್ಧವಾಯಿತು.

ಒಂದು ಕಣದ ಅಂಟನ್ನು ನೇರವಾಗಿ ಅಳೆಯುವುದಕ್ಕೆ ಬೇರೊಂದು ಉಪಕರಣ ಬರಬೇಕಾಯಿತು. ೧೯೮೬ರಲ್ಲಿ ಬಿನ್ನಿಗ್, ಕ್ವೇಟ್, ಗರ್ಬರ್ ಎಂಬ ಮೂವರು ಪರಮಾಣು ಬಲದರ್ಶಕವನ್ನು ರಚಿಸಿದರು. ಅದರ ಜೀವಾಳವೆಂದರೆ ತುದಿಯಲ್ಲಿ ಮೊನೆಯುಳ್ಳ, ಕೂದಲಿನಂತೆ ಬಾಗುವ ಒಂದು ಪುಟ್ಟ ಪಟ್ಟಿ. ೧೯೯೧ರಲ್ಲಿ ಆಸ್ಟ್ರೇಲಿಯದ ಡಕರ್, ಸೆಂಡೆನ್, ಪ್ಯಾಷ್ಲಿ ಎಂಬವರು ಮೊನೆಯ ಜಾಗದಲ್ಲಿ ಕೆಲವೇ ಮೈಕ್ರಾನ್ ಗಾತ್ರದ ಗೋಳವೊಂದನ್ನು ಅಂಟಿಸಿದರು. ಆ ಗೋಳವನ್ನು ಒಂದು ಮೇಲ್ಮೈಗೆ ತಾಗಿಸಿ ಮೆಲ್ಲನೆ ಹಿಂದಕ್ಕೆಳೆದರೆ, ಅದು ಬಿಟ್ಟುಬರುವ ಮುನ್ನ ಪಟ್ಟಿ ಎಷ್ಟು ಬಾಗುವುದೋ ಅದರಿಂದ ಅಂಟಿನ ಬಲ ತಿಳಿಯುವುದು. ಅದೇ ಯಂತ್ರದ ಮೊನೆಯಿಂದ ಆ ಮೈಯ ಉಬ್ಬುತಗ್ಗುಗಳ ನಕ್ಷೆಯನ್ನೂ ತೆಗೆಯಬಹುದು. ಬಲ, ಒರಟುತನ ಎರಡೂ ಒಟ್ಟಿಗೆ ಸಿಕ್ಕಿದಂತಾಯಿತು. ಅಮೆರಿಕದ ಫ್ಲಾರಿಡ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ೨೦೦೦ದಲ್ಲಿ ಪ್ರಕಟಿಸಿದ ಅಳತೆಗಳಲ್ಲಿ ಒಂದೆರಡು ನ್ಯಾನೊಮೀಟರಿನ ಒರಟುತನವೂ ಅಂಟನ್ನು ಬಹಳವಾಗಿ ತಗ್ಗಿಸುವುದು ಸ್ಪಷ್ಟವಾಗಿ ಕಂಡುಬಂದಿತು. ಆದರೆ ರುಂಫನ ಲೆಕ್ಕ ಹೇಳಿದಷ್ಟು ತಗ್ಗಲಿಲ್ಲ. ನಿಜವಾದ ಮೇಲ್ಮೈಯ ದಿಬ್ಬಗಳು ಬೋರಲು ಹಾಕಿದ ಬಟ್ಟಲಿನಂತಿರುವುದಿಲ್ಲ, ಎತ್ತರ ಕಡಿಮೆಯಾಗಿ ಹರವು ಹೆಚ್ಚಾಗಿ ಮೊರದ ಬೆನ್ನಿನಂತಿರುತ್ತವೆ. ಆದುದರಿಂದ ಎತ್ತರದ ಜೊತೆಗೆ ದಿಬ್ಬದಿಂದ ದಿಬ್ಬಕ್ಕಿರುವ ದೂರವನ್ನೂ ಲೆಕ್ಕಕ್ಕೆ ಸೇರಿಸಿ ಅವರು ಸೂತ್ರವನ್ನು ತಿದ್ದಿದರು. ಮೇಲೆ ನಾನು ಕೊಟ್ಟಿರುವ ಅಂಕಿಗಳನ್ನು ವಾಚಕರು ಈ ಎಚ್ಚರಿಕೆಯೊಡನೆಯೇ ತೆಗೆದುಕೊಳ್ಳಬೇಕು: ದಿಕ್ಕು ಸರಿ, ಪ್ರಮಾಣ ಅಂದಾಜು.

ಕೈಗಾರಿಕೆಯವರು ಈ ತತ್ತ್ವವನ್ನು ಬಳಸಿಕೊಂಡಿದ್ದಾರೆ. ಪುಡಿಗಳು ಗಂಟು ಕಟ್ಟದೆ ನೀರಿನಂತೆ ಹರಿಯಬೇಕಾದಲ್ಲಿ ಅವುಗಳಿಗೆ ಸಿಲಿಕದ ಅತಿಸೂಕ್ಷ್ಮ ಪುಡಿಯನ್ನು ಅತ್ಯಲ್ಪವಾಗಿ ಬೆರೆಸುತ್ತಾರೆ. ಆ ಸಿಲಿಕದ ಮೂಲಕಣಗಳ ಗಾತ್ರ ಹತ್ತಾರು ನ್ಯಾನೊಮೀಟರ್, ಎಂದರೆ ನಮ್ಮ ಲೆಕ್ಕದಲ್ಲಿ ಅಂಟು ಅತ್ಯಂತ ಕಡಿಮೆಯಾಗುವ ನೆರೆಯಲ್ಲಿಯೇ. ಅವು ದೊಡ್ಡ ಕಣಗಳ ಮೈಗೆ ಹತ್ತಿಕೊಂಡು ಕೃತಕ ದಿಬ್ಬಗಳಾಗುತ್ತವೆ. ನೆರಳಚ್ಚು ಯಂತ್ರಗಳಲ್ಲಿ ಬಳಸುವ ಕರಿಪುಡಿಯ ಕಣಗಳಿಗೂ ಈ ಸಿಲಿಕದ ಲೇಪ ಉಂಟು.

ಇನ್ನು ಔಷಧದ ಪ್ರಸಂಗ. ಉಸಿರಿನ ನಾಳಗಳ ಆಳವನ್ನು ಮುಟ್ಟಬೇಕಾದರೆ ಔಷಧದ ಕಣಗಳು ಒಂದರಿಂದ ಐದು ಮೈಕ್ರಾನ್ ಗಾತ್ರದಲ್ಲಿರಬೇಕು. ಅದಕ್ಕಿಂತ ದೊಡ್ಡವು ಗಂಟಲಿನ ತಿರುವಿನಲ್ಲಿಯೇ ಬಡಿದು ನಿಲ್ಲುತ್ತವೆ. ತೀರ ಸಣ್ಣವುಗಳಲ್ಲಿ ಕೆಲವು ಉಸಿರಿನೊಡನೆ ಹೊರಕ್ಕೇ ಬಂದುಬಿಡುತ್ತವೆ. ಆದರೆ ಮೂರು ಮೈಕ್ರಾನಿನ ಪುಡಿಯೆಂದರೆ ಮೈದಾಹಿಟ್ಟಿಗಿಂತಲೂ ಹಟಮಾರಿ. ಅಂಥ ಒಂದು ಕಣವು ನುಣುಪಾದ ಮೈಗೆ ಅಂಟಿದರೆ ಹಿಡಿತವು ಅದರ ತೂಕದ ಏಳು ಲಕ್ಷ ಪಟ್ಟು. ಅದನ್ನು ಅಳೆಯುವುದಕ್ಕಾಗಲಿ ಕ್ಯಾಪ್ಸೂಲಿಗೆ ತುಂಬುವುದಕ್ಕಾಗಲಿ ಆಗದು. ಆದುದರಿಂದ ಔಷಧ ತಯಾರಕರು ಒಂದು ವಾಹಕವನ್ನು ಬಳಸುತ್ತಾರೆ: ಹಾಲಿನ ಸಕ್ಕರೆಯ, ಎಂದರೆ ಲ್ಯಾಕ್ಟೋಸಿನ, ೫೦ರಿಂದ ೧೦೦ ಮೈಕ್ರಾನಿನಷ್ಟು ದೊಡ್ಡ ಹರಳುಗಳು. ಔಷಧದ ಸಣ್ಣ ಕಣಗಳು ಈ ಹರಳುಗಳ ಮೈಗೆ ಅಂಟಿ ಸವಾರಿ ಮಾಡುತ್ತವೆ. ಹರಳು ರವೆಯಂತೆ ಸಲೀಸಾಗಿ ಸುರಿಯುವುದರಿಂದ ಯಂತ್ರಕ್ಕೆ ಅಡ್ಡಿಯಿಲ್ಲ. ರೋಗಿಯು ಸಾಧನಕ್ಕೆ ಬಾಯಿಟ್ಟು ಜೋರಾಗಿ ಉಸಿರೆಳೆದಾಗ ಗಾಳಿಯ ಸುಳಿಯಲ್ಲಿ ಹರಳುಗಳು ತಿರುಗಿ, ಗೋಡೆಗೆ ಬಡಿದು, ಮೈಮೇಲಿನ ಔಷಧವನ್ನು ಕೊಡವಬೇಕು. ಇಂಥ ಸಾಧನಗಳಲ್ಲಿ ಮೊದಲಿನದೊಂದನ್ನು ರೂಪಿಸಿದವನು ರಾಜರ್ ಆಲ್ಟೂನ್ಯನ್ ಎಂಬ ವೈದ್ಯ, ೧೯೬೦ರ ದಶಕದಲ್ಲಿ. ಆತ ಸ್ವತಃ ಉಬ್ಬಸದ ರೋಗಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. ಕ್ಯಾಪ್ಸೂಲನ್ನು ತಿರುಗಿಸಲು ಅವನು ತನ್ನ ಸಾಧನದೊಳಗೆ ವಿಮಾನದ ಪಂಖದಂಥ ಒಂದು ಪುಟ್ಟ ಪಂಖವನ್ನು ಇರಿಸಿದ್ದನು.

ಇಲ್ಲಿಯ ಇಕ್ಕಟ್ಟನ್ನು ನೋಡಿ. ಕಾರ್ಖಾನೆಯಿಂದ ರೋಗಿಯ ಕೈಗೆ ಬರುವವರೆಗೆ, ಲಾರಿಯ ಕುಲುಕಾಟದಲ್ಲಿಯೂ, ಔಷಧವು ಹರಳನ್ನು ಬಿಡಕೂಡದು. ಬಿಟ್ಟರೆ ಒಂದು ಕ್ಯಾಪ್ಸೂಲಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆಯಾಗುವುದು. ಉಬ್ಬಸದಿಂದ ಬಳಲುತ್ತಿರುವವನ ದುರ್ಬಲವಾದ ಒಂದು ಉಸಿರಿಗೆ ಅದು ಬಿಟ್ಟುಕೊಡಲೂ ಬೇಕು. ಬಿಗಿಯಾಗಿ ಹಿಡಿದ ಪಾಲು ಹರಳಿನೊಡನೆ ಗಂಟಲಿಗೆ ಹೋಗಿ ಬಡಿಯುವುದು. ಹಲವು ಸಾಧನಗಳಲ್ಲಿ ಔಷಧದ ಅರ್ಧಕ್ಕಿಂತ ಕಡಿಮೆ ಪಾಲು ಮಾತ್ರವೇ ಶ್ವಾಸಕೋಶವನ್ನು ಸೇರುವುದು. ಹಿಡಿತವನ್ನು ಸಡಿಲಿಸಲು ಹರಳಿನ ಮೈಯನ್ನು ಒರಟು ಮಾಡಿದರಾಯಿತೆಂದು ನಮ್ಮ ಲೆಕ್ಕ ಹೇಳುವುದು. ಮೂರು ಮೈಕ್ರಾನಿನ ಕಣದ ಕೆಳಗೆ ಎಂಟು ನ್ಯಾನೊಮೀಟರಿನ ಉಬ್ಬಿದ್ದರೆ ಬಲವು ನೂರರಲ್ಲೊಂದು ಪಾಲಿಗೂ ಕಡಿಮೆಯಾಗಬೇಕು. ಆದರೆ ಈ ಕಾರ್ಯದಲ್ಲಿ ತೊಡಗಿದ ಸಂಶೋಧಕರ ಫಲಗಳು ಒಂದಕ್ಕೊಂದು ಒಪ್ಪಲಿಲ್ಲ. ಹರಳನ್ನು ಒರಟು ಮಾಡಿದಾಗ ಔಷಧ ಚೆನ್ನಾಗಿ ಬಿಟ್ಟಿತೆಂದು ಕೆಲವರು, ನುಣುಪು ಮಾಡಿದಾಗಲೇ ಚೆನ್ನಾಗಿ ಬಿಟ್ಟಿತೆಂದು ಇನ್ನು ಕೆಲವರು.

ಇಬ್ಬರದೂ ನಿಜವಿರಬಹುದು. ಇದನ್ನು ತಿಳಿಯಲು ತರಗತಿಯ ಕಪ್ಪುಹಲಗೆಯನ್ನೇ ನೋಡಿದರೆ ಸಾಕು. ಹೊಳೆಯುವಂತೆ ನುಣ್ಣಗಾದ ಹಲಗೆಯ ಮೇಲೆ ಸೀಮೆಸುಣ್ಣ ಜಾರುವುದೇ ಹೊರತು ಬರೆಯುವುದಿಲ್ಲ. ಹಲಗೆ ತರಿಯಾಗಿರಬೇಕು. ಆ ತರಿ ಸೀಮೆಸುಣ್ಣವನ್ನು ಅರೆದು ಪುಡಿ ಮಾಡುವುದು ಒಂದು. ಪುಡಿಯ ಕಣಗಳು ತಮ್ಮಷ್ಟೇ ದೊಡ್ಡ ಹಳ್ಳಗಳಲ್ಲಿ ಇಳಿದು ಕುಳಿತುಕೊಳ್ಳುವುದು ಇನ್ನೊಂದು. ಬೀಸಣಿಗೆಯ ಮೇಲೆ ಬಿದ್ದ ಕಡಲೆ ಸುಲಭವಾಗಿ ಉರುಳಿಹೋಗುವುದು. ಚನ್ನೆಮಣೆಯ ಗುಳಿಗೆ ಬಿದ್ದ ಕಾಳು ಅಲ್ಲಿಯೇ ನಿಲ್ಲುವುದು. ಹಳ್ಳದಲ್ಲಿ ಕುಳಿತ ಕಣವು ತಳವನ್ನಲ್ಲದೆ ಬದಿಗಳನ್ನೂ ತಾಗುವುದರಿಂದ ಸೆಳೆತ ಹೆಚ್ಚುವುದು. ಮೇಲೆ ಬೀಸುವ ಗಾಳಿ ಒಳಕ್ಕೆ ಇಳಿಯುವುದೂ ಇಲ್ಲ. ಎಂದರೆ ಕಣಕ್ಕಿಂತ ನೂರಾರು ಪಟ್ಟು ಚಿಕ್ಕದಾದ ಒರಟು ಅಂಟನ್ನು ಬಿಡಿಸುವುದು. ಕಣದಷ್ಟೇ ದೊಡ್ಡದಾದ ಒರಟು ಅದನ್ನು ಬಚ್ಚಿಟ್ಟುಕೊಳ್ಳುವುದು. ಹರಳನ್ನು ಕಣ್ಣಿಗೆ ಕಾಣುವಂತೆ ಒರಟು ಮಾಡಿದವನು ಎರಡನೆಯದನ್ನು ಮಾಡಿರುತ್ತಾನೆ. ಅವನಿಗೆ ಬೇಕಾಗಿದ್ದುದು ಮೊದಲನೆಯದು.

ವಸ್ತುವಿನ ಗಡಸುತನದ ಮಾತು ಇನ್ನೂ ಬರಲಿಲ್ಲ. ಗಾಜು, ಮರಳು, ಸಕ್ಕರೆ ಇವು ಗಡುಸಾದುವು. ದಿಬ್ಬದ ಮೇಲೆ ಕುಳಿತರೆ ಕುಳಿತಂತೆಯೇ ಇರುತ್ತವೆ. ಮೆತ್ತಗಿನ ವಸ್ತುವಾದರೆ ಸೆಳೆತಕ್ಕೆ ಸಿಕ್ಕಿ ತಗ್ಗುಗಳೊಳಕ್ಕೆ ಇಳಿಯಬಲ್ಲದು. ಫುಲ್ಲರ್ ಮತ್ತು ಟೇಬರ್ ೧೯೭೫ರಲ್ಲಿ ನುಣುಪಾದ ರಬ್ಬರ್ ಗೋಳಗಳನ್ನು ಒರಟು ಮಾಡಿದ ಗಡುಸು ಪ್ಲಾಸ್ಟಿಕ್ ಹಲಗೆಗೆ ತಾಗಿಸಿ ನೋಡಿದರು. ಬಹಳ ಅಲ್ಪವಾದ ಒರಟುತನವೇ ರಬ್ಬರಿನ ಅಂಟನ್ನೂ ಅಳಿಸಿಹಾಕಿತು. ಗಡುಸು ರಬ್ಬರಿನಲ್ಲಿ ಬೇಗ, ಮೆತ್ತಗಿನ ರಬ್ಬರಿನಲ್ಲಿ ನಿಧಾನವಾಗಿ. ಅವರು ಕೊಟ್ಟ ಕಾರಣ ಹೀಗೆ: ಎತ್ತರದ ದಿಬ್ಬಗಳು ಅದುಮಿದ ಸ್ಪ್ರಿಂಗುಗಳಂತೆ ರಬ್ಬರನ್ನು ಮೇಲಕ್ಕೆ ನೂಕುತ್ತಿರುತ್ತವೆ, ಗಿಡ್ಡ ದಿಬ್ಬಗಳು ಅದನ್ನು ಹಿಡಿದು ಎಳೆಯುತ್ತಿರುತ್ತವೆ. ನೂಕುವ ಬಲ ಗೆದ್ದಲ್ಲಿ ಎಳೆಯುವ ಹಿಡಿತಗಳು ಒಂದೊಂದಾಗಿ ಕಳಚುತ್ತವೆ. ಮೆತ್ತಗಾದಷ್ಟೂ ಈ ನೂಕಾಟ ಕಡಿಮೆ. ಪೂರ್ತಿ ಮೆತ್ತಗಾಗಿ ಹರಿಯುವಂತಾದರೆ ನೂಕುವುದೇ ಇಲ್ಲ. ತಗ್ಗುಗಳೆಲ್ಲ ತುಂಬಿ, ತಾಗುವ ಕ್ಷೇತ್ರ ಹೆಚ್ಚಿ, ಆಮೇಲೆ ಗಟ್ಟಿಯಾಗಿಬಿಡುವುದು. ಸೈಕಲ್ ಅಂಗಡಿಯವನ ಸೊಲ್ಯೂಷನ್ ಮಾಡುವುದು ಇದನ್ನೇ. ಅವನ ಅನುಭವಕ್ಕೂ ನಮ್ಮ ಲೆಕ್ಕಕ್ಕೂ ವಿರೋಧವೇನೂ ಇಲ್ಲ.

ಗೋಡೆಯ ಮೇಲಿನ ಹಲ್ಲಿ ಈ ಸಮಸ್ಯೆಯನ್ನು ಇನ್ನೊಂದು ಬಗೆಯಲ್ಲಿ ಬಿಡಿಸಿಕೊಂಡಿದೆ. ಅದರ ಬೆರಳಿನಡಿಯಲ್ಲಿ ಅಂಟಿಲ್ಲ, ಅಸಂಖ್ಯ ರೋಮಗಳಿವೆ. ಪ್ರಯೋಗಗಳಿಗೆ ಬಳಸಿದ ದೊಡ್ಡ ಜಾತಿಯ ಹಲ್ಲಿಯಲ್ಲಿ ಪ್ರತಿಯೊಂದು ರೋಮವೂ ತುದಿಯಲ್ಲಿ ನೂರಾರು ಎಳೆಗಳಾಗಿ ಸೀಳಿ, ಒಂದೊಂದು ಎಳೆಯೂ ಸುಮಾರು ೨೦೦ ನ್ಯಾನೊಮೀಟರ್ ಅಗಲದ ಪುಟ್ಟ ಸೌಟಿನಂಥ ತುದಿಯಲ್ಲಿ ಕೊನೆಗೊಳ್ಳುತ್ತದೆ. ಗೋಡೆ ಎಷ್ಟೇ ಉಬ್ಬುತಗ್ಗಾಗಿದ್ದರೂ ಈ ಎಳೆಗಳು ಬಾಗಿ ಒಂದೊಂದೂ ತನ್ನ ನೆಲೆಯನ್ನು ಹುಡುಕಿಕೊಳ್ಳುತ್ತವೆ. ಆದರೆ ಹಲ್ಲಿಗೂ ಒಂದು ಸಂಕಟದ ಅಳತೆಯುಂಟು. ೨೦೦೭ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ ಮೇಲ್ಮೈಯ ಒರಟುತನ ೧೦೦ರಿಂದ ೩೦೦ ನ್ಯಾನೊಮೀಟರಿನ ನಡುವೆ ಇದ್ದಾಗ ಅದರ ಹಿಡಿತ ಅತ್ಯಂತ ಕಡಿಮೆಯಾಯಿತು. ಅದಕ್ಕಿಂತ ನಯವಾದರೆ ಸೌಟಿಗೆ ಅದು ಸಮತಟ್ಟು. ಅದಕ್ಕಿಂತ ಒರಟಾದರೆ ಒಂದೊಂದು ದಿಬ್ಬದ ಇಳಿಜಾರೂ ಸೌಟಿಗೆ ಸಾಕಷ್ಟು ಜಾಗ. ನಡುವಿನ ಅಳತೆಯಲ್ಲಿ ಮಾತ್ರ ಎಲ್ಲಿಟ್ಟರೂ ಹೊಂದದು. ರುಂಫನ ಲೆಕ್ಕದಲ್ಲಿ ಕಂಡ ತಗ್ಗೇ ಇಲ್ಲಿಯೂ ಬೇರೆ ಅಳತೆಯಲ್ಲಿ ಕಾಣಿಸಿಕೊಂಡಿತು. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುವವರು ಅದು ಬಿದ್ದ ಗೋಡೆಯ ಒರಟುತನವನ್ನೂ ಒಮ್ಮೆ ವಿಚಾರಿಸಬಹುದು.

ಈವರೆಗಿನದೆಲ್ಲ ಒಣ ಗಾಳಿಯ ಕಥೆ. ಗಾಳಿಯಲ್ಲಿ ತೇವವಿದ್ದರೆ ಕಣಕ್ಕೂ ಮೇಲ್ಮೈಗೂ ನಡುವಿನ ಇರುಕಿನಲ್ಲಿ ನೀರು ಸಾಂದ್ರೀಕರಿಸಿ ಒಂದು ಸಣ್ಣ ಸೇತುವೆ ಕಟ್ಟುವುದು. ನೀರಿನ ಮೇಲ್ಮೈ ಸೆಳೆತದಿಂದ ಆ ಸೇತುವೆ ಎರಡನ್ನೂ ಬಿಗಿಯುವುದು. ನಮ್ಮ ೧೦ ಮೈಕ್ರಾನಿನ ನುಣುಪು ಗೋಳಕ್ಕೆ ಈ ಬಲ ವಾನ್ ಡೆರ್ ವಾಲ್ಸ್ ಬಲದ ಸುಮಾರು ಒಂಬತ್ತು ಪಟ್ಟು. ತೇವ ಕಡಿಮೆಯಿರುವಾಗ ಸೇತುವೆಯು ದಿಬ್ಬದ ನೆತ್ತಿಯಲ್ಲಿ ಮಾತ್ರವೇ ಇದ್ದು ಒರಟುತನ ಇನ್ನೂ ಕೆಲಸ ಮಾಡುತ್ತಿರುತ್ತದೆ. ತೇವ ಏರಿದಂತೆ ನೀರು ದಿಬ್ಬಗಳನ್ನೇ ಮುಳುಗಿಸಿ ಕಣದ ದೊಡ್ಡ ಮೈಯನ್ನು ಮುಟ್ಟುವುದು. ಆಗ ಬಲವು ಥಟ್ಟನೆ ಏರುವುದು. ನಯವಾದ ಮೈಯಲ್ಲಿ ಇದು ಕಡಿಮೆ ತೇವದಲ್ಲಿಯೇ ನಡೆದರೆ, ಒರಟು ಮೈಯಲ್ಲಿ ಹೆಚ್ಚು ತೇವ ಬೇಕಾಗುವುದು. ಮಲೆನಾಡಿನ ಜಡಿಮಳೆಯ ದಿನಗಳಲ್ಲಿ ಡಬ್ಬಿಯ ಪುಡಿಗಳೆಲ್ಲ ಉಂಡೆಗಟ್ಟುವುದರಲ್ಲಿ ಈ ಸೇತುವೆಗಳ ಪಾತ್ರವೂ ಇದೆ.

ಔಷಧದ ಹರಳಿಗೆ ಮರಳುವುದಾದರೆ, ಅಲ್ಲಿ ಕಂಡುಕೊಂಡಿರುವ ಒಂದು ಉಪಾಯ ಹರಳಿನ ಮೈಯನ್ನು ಮುಟ್ಟದೆಯೇ ಕೆಲಸ ನಡೆಸುವಂಥದು. ದೊಡ್ಡ ಹರಳುಗಳಿಗೆ ಅದೇ ಲ್ಯಾಕ್ಟೋಸಿನ ನಯವಾದ ಪುಡಿಯನ್ನು ಸ್ವಲ್ಪ ಸೇರಿಸಿದರೆ ಔಷಧ ಹೆಚ್ಚಾಗಿ ಬಿಡುಗಡೆಯಾಗುವುದು. ಹಳ್ಳಗಳನ್ನೂ ಬಿಗಿಯಾಗಿ ಹಿಡಿಯುವ ತಾಣಗಳನ್ನೂ ಈ ಪುಡಿ ಮೊದಲೇ ಆಕ್ರಮಿಸಿಕೊಂಡು, ಔಷಧಕ್ಕೆ ಸಡಿಲವಾದ ತಾಣಗಳನ್ನೇ ಉಳಿಸುವುದೆಂದು ಒಂದು ಪಕ್ಷ. ಔಷಧವೂ ಪುಡಿಯೂ ಕೂಡಿ ಸಣ್ಣ ಉಂಡೆಗಳಾಗಿ, ಉಂಡೆಗಳು ಒಂಟಿ ಕಣಕ್ಕಿಂತ ಸುಲಭವಾಗಿ ಕಳಚುವುವೆಂದು ಇನ್ನೊಂದು ಪಕ್ಷ. ವಾದ ಮುಗಿದಿಲ್ಲ, ನನಗಾದರೋ ಎರಡೂ ಒಟ್ಟಿಗೆ ನಡೆಯುತ್ತಿರಬೇಕೆಂದು ತೋರುವುದು. ರೋಗಿಯ ಪಾಲಿಗೆ ಉಳಿಯುವುದು ತೇವದ ಲೆಕ್ಕ. ಕ್ಯಾಪ್ಸೂಲನ್ನು ಬಳಸುವ ಹೊತ್ತಿನವರೆಗೂ ಮುಚ್ಚಿಡಬೇಕು, ಸಾಧನವನ್ನು ಒದ್ದೆಯಾಗಿ ಬಳಸಬಾರದು, ಉಸಿರು ಎಳೆಯುವ ಮುನ್ನ ಅದರೊಳಕ್ಕೆ ಉಸಿರು ಬಿಡಬಾರದು ಎಂದು ವೈದ್ಯರು ಹೇಳಿಕೊಡುತ್ತಾರಲ್ಲವೆ? ಒಳಕ್ಕೆ ಬಿಟ್ಟ ಉಸಿರು ಪುಡಿಯನ್ನು ಚೆದುರಿಸುವುದು ಹಾಗಿರಲಿ, ಅದರಲ್ಲಿ ತುಂಬಿರುವ ತೇವವು ಮೂರು ಮೈಕ್ರಾನಿನ ಕಣದ ಕೆಳಗಿನ ಎಂಟು ನ್ಯಾನೊಮೀಟರಿನ ದಿಬ್ಬವನ್ನು ಮುಳುಗಿಸಲು ಧಾರಾಳವಾಗಿ ಸಾಕು.